ಮಗುವಿಗೆ ರಕ್ತ ಕಮ್ಮಿ, ತಾಯಿಗೆ?



ಸಂತ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯವನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ. ಪ್ರಾರ್ಥನಾಮಂದಿರದ ಅಧಿಕಾರಿ ಯಾಯೀರ ಎಲ್ಲರ ಮುಂದೆ ಯೇಸುಸ್ವಾಮಿಯ ಕಾಲಿಗೆ ಬಿದ್ದು, ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಬನ್ನಿ ಎಂದು ಬೇಡುತ್ತಾನೆ. ಹೋಗುವ ದಾರಿಯಲ್ಲಿ, ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಗುಂಪಿನೊಳಗೆ ನುಸುಳಿ, ಹಿಂದಿನಿಂದ ಬಂದು, ಆತನ ಉಡುಪನ್ನು ಮುಟ್ಟುತ್ತಾಳೆ. ಪ್ರಬೋಧನೆಗಳಲ್ಲಿ ಇದನ್ನು ವಿಶ್ವಾಸದ ಪಾಠವಾಗಿ ಕೇಳಿದ್ದೇವೆ. ನಾನು ಈಚೆಗೆ ಅದನ್ನು ಓದುವಾಗ ಬೇರೆ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಯಾಯೀರ ಎದುರಿನಿಂದ ಬರುತ್ತಾನೆ, ಆಕೆ ಹಿಂದಿನಿಂದ ಬರುತ್ತಾಳೆ. ಇದ್ದ ಹಣವನ್ನೆಲ್ಲ ವೈದ್ಯರಿಗೆ ಸುರಿದು ಮುಗಿಸಿದ್ದಾಳೆ, ಧರ್ಮಶಾಸ್ತ್ರದ ಲೆಕ್ಕದಲ್ಲಿ ಮೈಲಿಗೆಯವಳು, ಅವಳ ಪರವಾಗಿ ಬೇಡಲು ಯಾರೂ ಇಲ್ಲ. ಇನ್ನೊಂದು, ಅಧ್ಯಾಯದ ಕೊನೆಯಲ್ಲಿ ಹನ್ನೆರಡು ವರ್ಷದ ಆ ಹುಡುಗಿ ಎದ್ದು ಓಡಾಡಿದಾಗ ಎಲ್ಲರೂ ಬೆರಗಾಗಿ ನಿಂತಿದ್ದಾರೆ. ಅವಳಿಗೆ ಏನಾದರೂ ತಿನ್ನಲು ಕೊಡಬೇಕು ಎಂಬುದು ನೆನಪಾದದ್ದು ಯೇಸುಸ್ವಾಮಿಗೆ ಮಾತ್ರ.

ಹನ್ನೆರಡು ವರ್ಷ ರಕ್ತ ಹೋದ ಹೆಂಗಸಿಗೆ ಇವತ್ತು ನಮ್ಮ ಡಿಸ್ಪೆನ್ಸರಿಯ ಸಿಸ್ಟರ್ ಪರೀಕ್ಷೆ ಮಾಡಿದರೆ ಚೀಟಿಯಲ್ಲಿ ಏನು ಬರೆಯುತ್ತಾರೋ ನಿಮಗೇ ಗೊತ್ತು: ರಕ್ತಹೀನತೆ. ಈ ಬಾರಿ ನಾನು ಬರೆಯಬೇಕೆಂದುಕೊಂಡದ್ದು ಅದರ ಬಗ್ಗೆಯೇ. ನಮ್ಮ ಮನೆಗಳ ಐದು ವರ್ಷದೊಳಗಿನ ಮಕ್ಕಳ ರಕ್ತ ಮತ್ತು ಆ ಮಕ್ಕಳ ತಾಯಂದಿರ ಬದುಕು.

ಮೊದಲು ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019-21ರಲ್ಲಿ ನಡೆಯಿತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇದ್ದವರು ಇಡೀ ದೇಶದಲ್ಲಿ ಶೇ. 67.1. ತಮಿಳುನಾಡಿನಲ್ಲಿ ಶೇ. 57.4, ಪಕ್ಕದ ಕರ್ನಾಟಕದಲ್ಲಿ ಶೇ. 65.5. ಹಿಂದಿನ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ತಮಿಳುನಾಡಿನದು ಶೇ. 50.7, ಕರ್ನಾಟಕದ್ದು ಶೇ. 60.9 ಇತ್ತು. ಎರಡೂ ಕಡೆ ಏರಿದೆ. ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ನಾವು ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ಬದುಕುವ ಜನ. ಯಾವ ರಾಜ್ಯದ ಅಂಕಿ ನೋಡಿದರೂ ನಮ್ಮ ಅಂಗನವಾಡಿಯಲ್ಲಿ ಕೂತ ಎರಡು ಮಕ್ಕಳಲ್ಲಿ ಒಂದಾದರೂ ಆ ಲೆಕ್ಕದೊಳಗೆ ಬರುತ್ತದೆ.

ಈ ಅಂಕಿಗಳ ಬಗ್ಗೆ ಒಂದು ತಕರಾರಿದೆ, ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಆ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ತೆಗೆದ ಹನಿ ರಕ್ತದಿಂದ ಅಳೆಯುತ್ತಾರೆ, ಅದರಲ್ಲಿ ಲೆಕ್ಕ ಹೆಚ್ಚು ಬರುತ್ತದೆ ಎನ್ನುವ ತಜ್ಞರಿದ್ದಾರೆ. ನರದಿಂದ ರಕ್ತ ತೆಗೆದು ಮಾಡಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ (2016-18) ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಸುಮಾರು ಶೇ. 41 ಬಂತು. ಅಳತೆಯ ಗಡಿಯೂ ಬದಲಾಗುತ್ತದೆ. ಚಿಕ್ಕ ಮಕ್ಕಳಿಗೆ ಡೆಸಿಲೀಟರಿಗೆ 11 ಗ್ರಾಂ ಹಿಮೋಗ್ಲೋಬಿನ್ ಎಂದಿದ್ದದ್ದನ್ನು, ಎರಡು ವರ್ಷದೊಳಗಿನವರಿಗೆ ಮಾತ್ರ, ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ 10.5ಕ್ಕೆ ಇಳಿಸಿತು. ಸರಿ, ಹತ್ತರಲ್ಲಿ ಆರೋ ನಾಲ್ಕೋ ಎಂದು ವಿದ್ವಾಂಸರು ಚರ್ಚೆ ಮಾಡಲಿ. ನಾಲ್ಕೇ ಎಂದರೂ ಅದು ಸಣ್ಣ ಸಂಖ್ಯೆಯಲ್ಲ.

ನಮ್ಮ ಧರ್ಮಕೇಂದ್ರದ ಒಬ್ಬ ತಾಯಿಯ ವಿಷಯಕ್ಕೆ ಬರುತ್ತೇನೆ. ಬರೆಯಲು ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾಳೆ. ಕನಕಪುರದ ಕಡೆಯ ಹಳ್ಳಿಯವಳು. ಹದಿನೆಂಟು ತುಂಬಿದ ಮೇಲೆ, ಕಾನೂನಿನ ಪ್ರಕಾರವೇ, ಮೂರು ಭಾನುವಾರ ಘೋಷಣೆ ಓದಿಸಿ ಮದುವೆಯಾಗಿ ನಮ್ಮೂರಿಗೆ ಬಂದವಳು. ಈಗ ಇಪ್ಪತ್ತು. ನನಗಿಂತ ನಾಲ್ಕು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಹದಿನಾರು ತಿಂಗಳ ಮಗು. ಮಗು ಗೋಡೆ ಕೆರೆದು ಸುಣ್ಣ ತಿನ್ನುತ್ತದೆ, ಮಣ್ಣು ಬಾಯಿಗೆ ಹಾಕುತ್ತದೆ, ಇಡೀ ದಿನ ಹಟ, ಎತ್ತಿಕೊಂಡರೆ ಭುಜದ ಮೇಲೆ ತಲೆ ಹಾಕಿ ಸುಮ್ಮನಾಗುತ್ತದೆ. ‘ಒಳ್ಳೆ ಮಗು, ಅಳೋದೇ ಇಲ್ಲ’ ಎಂದು ಎಲ್ಲರೂ ಹೊಗಳುತ್ತಿದ್ದರು. ಜ್ವರ ಬಂದಾಗ ಆಸ್ಪತ್ರೆಗೆ ಒಯ್ದರು, ರಕ್ತ ಪರೀಕ್ಷೆಯ ಚೀಟಿಯಲ್ಲಿ 7.4 ಎಂದಿತ್ತು. ಅಲ್ಲಿ ಆಕೆಗೆ ಸಿಕ್ಕಿದ್ದು ಒಂದು ಸಿರಪ್ಪು ಮತ್ತು ಬೈಗುಳ. ಸೊಪ್ಪು ತಿನ್ನಿಸಲ್ಲವಾ, ಮೊಟ್ಟೆ ಕೊಡಲ್ಲವಾ, ತಾಯಿ ಅಂತ ಯಾಕಿದ್ದೀಯ.

ಆಕೆ ಅಲ್ಲಿ ಏನೂ ಮಾತಾಡಲಿಲ್ಲ. ನನ್ನ ಮುಂದೆ ಹೇಳಿದಳು: ‘ಸೊಪ್ಪು ಸೋಸಿ ಬೇಯ್ಸೋಕೆ ನಾನು ಮನೇಲಿ ಇರೋದು ಯಾವಾಗಕ್ಕಾ?’

ಆಕೆಯ ದಿನ ಹೀಗಿದೆ. ಬೆಳಿಗ್ಗೆ ನಾಲ್ಕೂವರೆಗೆ ನೀರು ಬಿಡುತ್ತಾರೆ, ಹಿಡಿಯಬೇಕು. ಅಡಿಗೆ, ಗಂಡನ ಡಬ್ಬಿ, ಮಾವನ ಕಾಫಿ. ಏಳಕ್ಕೆ ಟೆಂಪೋ ಬರುತ್ತದೆ. ತಳಿ ರಸ್ತೆಯ ಕಡೆ ಗುಲಾಬಿ ಬೆಳೆಯುವ ಪಾಲಿಹೌಸುಗಳಿವೆಯಲ್ಲ, ಅಲ್ಲಿ ಹೂ ಕತ್ತರಿಸಿ, ಮುಳ್ಳು ತೆಗೆದು, ಕಟ್ಟು ಕಟ್ಟುವ ಕೆಲಸ. ನಾವು ಪ್ರೇಮಿಗಳ ದಿನಕ್ಕೆ ಕೊಳ್ಳುವ ಗುಲಾಬಿ ಆ ಕೈಗಳಿಂದಲೇ ಬರುವುದು. ಮನೆಗೆ ಬರುವಾಗ ಸಂಜೆ ಐದೂವರೆ. ಅಷ್ಟು ಹೊತ್ತು ಮಗು ಅತ್ತೆಯ ಹತ್ತಿರ. ಅತ್ತೆ ಕೆಟ್ಟವರಲ್ಲ. ಮೊಣಕಾಲು ನೋವು, ಒಲೆಯ ಮುಂದೆ ಕೂರಲಾಗದು. ಮಗು ಅತ್ತರೆ ಹಾಲು, ಇನ್ನೂ ಅತ್ತರೆ ಟೀಯಲ್ಲಿ ಅದ್ದಿದ ಬಿಸ್ಕತ್ತು. ರಾತ್ರಿ ಎಲ್ಲರದ್ದೂ ಆದ ಮೇಲೆ ಆಕೆಯ ಊಟ. ಪಾತ್ರೆಯಲ್ಲಿ ಉಳಿದಿದ್ದರೆ ಸಾರು, ಇಲ್ಲದಿದ್ದರೆ ಮುದ್ದೆಗೆ ಉಪ್ಪಿನಕಾಯಿ. ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಇಲ್ಲ. ಕೂಲಿ ಅತ್ತೆಯ ಕೈಗೆ ಹೋಗುತ್ತದೆ, ಅಲ್ಲಿಂದ ಮಾವನ ಸಾಲಕ್ಕೆ.

ನಮ್ಮ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದೆವು. ವಯಸ್ಸಾದ ಸಿಸ್ಟರ್ ಮಗುವನ್ನು ಮುಟ್ಟುವ ಮೊದಲೇ ತಾಯಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ‘ನಿನ್ನದು ಯಾವತ್ತು ನೋಡಿಸಿದ್ದೆ?’ ಎಂದರು. ಹೆರಿಗೆಯಾದ ಮೇಲೆ ಯಾರೂ ನೋಡಿರಲಿಲ್ಲ. ಪರೀಕ್ಷೆ ಮಾಡಿಸಿದರೆ ಆಕೆಗೂ ರಕ್ತ ಕಡಿಮೆ.

ಸಿಸ್ಟರ್ ಮೊದಲು ತಾಯಿಯ ಕಣ್ಣು ನೋಡಿದ್ದರ ಹಿಂದೆ ವಿಜ್ಞಾನವಿದೆ. ಮಗು ಹೊಟ್ಟೆಯಲ್ಲಿರುವಾಗ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ತಾಯಿಯ ಮೈಯಿಂದ ಕಬ್ಬಿಣದ ಅಂಶವನ್ನು ಎಳೆದು ಗಂಟು ಕಟ್ಟಿಟ್ಟುಕೊಳ್ಳುತ್ತದೆ. ಹುಟ್ಟಿದ ಮೇಲೆ ನಾಲ್ಕರಿಂದ ಆರು ತಿಂಗಳು ಆ ಗಂಟಿನಲ್ಲೇ ಜೀವನ. ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಇದ್ದಷ್ಟು ಚೆನ್ನಾಗಿ ಹಿಡಿಯುತ್ತದೆ ಅಷ್ಟೆ. (ಹಾಗಂತ ಎದೆಹಾಲು ನಿಲ್ಲಿಸುವಂತಿಲ್ಲ. ಮೊದಲ ಆರು ತಿಂಗಳು ಅದೊಂದೇ, ಆಮೇಲೆ ಅದರ ಜೊತೆಗೆ ಊಟ.) ತಾಯಿಗೇ ರಕ್ತ ಕಡಿಮೆಯಿದ್ದರೆ, ಮಗು ತಿಂಗಳು ತುಂಬದೆ ಅಥವಾ ತೂಕ ಕಡಿಮೆಯಾಗಿ ಹುಟ್ಟಿದರೆ, ಗಂಟು ಚಿಕ್ಕದು, ಬೇಗ ಖಾಲಿ. ಖಾಲಿಯಾಗುವ ಹೊತ್ತಿಗೇ ಮಗು ಬೆಳೆಯುವ ವೇಗ ಹೆಚ್ಚು. ಆಗ ಸಿಗುವುದು ಹಾಲು ಬಿಸ್ಕತ್ತಾದರೆ, ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ.

ಇದನ್ನು ನಮ್ಮ ನೆರೆಯಲ್ಲೇ ಅಳೆದು ನೋಡಿದವರಿದ್ದಾರೆ. ನಮ್ಮ ಅಂಚೆಟ್ಟಿ ಬೆಟ್ಟಗಳ ಆಚೆ ಬದಿಯ ಆಗಿನ ರಾಮನಗರ ಜಿಲ್ಲೆ ಮತ್ತು ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ, ಒಂದರಿಂದ ಎರಡು ವರ್ಷದೊಳಗಿನ 401 ಮಕ್ಕಳ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾದ ವೈದ್ಯ ಪಸ್ರಿಚಾ ಮತ್ತು ಬೆಂಗಳೂರಿನ ವೈದ್ಯರು ಸೇರಿ ಮಾಡಿದ್ದು. ನಾಲ್ಕರಲ್ಲಿ ಮೂರು ಮಕ್ಕಳಿಗೆ, ಶೇ. 75.3ರಷ್ಟು ಮಕ್ಕಳಿಗೆ, ರಕ್ತಹೀನತೆ. ಮಗುವಿನ ಹಿಮೋಗ್ಲೋಬಿನ್ ಯಾವುದರ ಜೊತೆ ಏರಿಳಿಯುತ್ತದೆ ಎಂದು ಹುಡುಕಿದಾಗ ಸಿಕ್ಕ ಪಟ್ಟಿಯಲ್ಲಿ ಮಗುವಿನ ಮೈಯಲ್ಲಿರುವ ಕಬ್ಬಿಣದ ದಾಸ್ತಾನು ಇತ್ತು, ಫೋಲೇಟ್ ಇತ್ತು, ಜೊತೆಗೆ ತಾಯಿಯ ಹಿಮೋಗ್ಲೋಬಿನ್, ಮನೆಯ ಆಸ್ತಿಪಾಸ್ತಿ ಮತ್ತು ಮನೆಯಲ್ಲಿ ಊಟಕ್ಕೆ ಕೊರತೆಯಾಗುತ್ತದೆಯೇ ಎಂಬುದೂ ಇತ್ತು. ಬಿ.ಎಸ್ಸಿ. ಓದಿದ ನನಗೆ ಆ ಪಟ್ಟಿಯಲ್ಲಿ ಮೊದಲಿನ ಎರಡು ಸಹಜವಾಗಿ ಕಂಡವು. ಕೊನೆಯ ಮೂರು ಯಾವ ಸಿರಪ್ಪಿನ ಬಾಟಲಿಯಲ್ಲೂ ಸಿಗುವಂಥವಲ್ಲ.

ಹಾಗಂತ ಇದು ಬಡವರ ಮನೆಯ ಕತೆ ಮಾತ್ರ ಎಂದುಕೊಳ್ಳಬೇಡಿ. ಸಮೀಕ್ಷೆಯಲ್ಲಿ ತಾಯಿಯ ಓದು, ಮನೆಯ ಅನುಕೂಲ ಹೆಚ್ಚಾದಂತೆ ಮಕ್ಕಳ ರಕ್ತಹೀನತೆ ಇಳಿಯುತ್ತದೆ, ನಿಜ. ಆದರೆ ದೇಶದ ಅತಿ ಅನುಕೂಲಸ್ಥ ಐದನೇ ಒಂದು ಭಾಗದ ಮನೆಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಅದು ಇದ್ದೇ ಇದೆ. ಸಿಪ್‌ಕಾಟಿನಲ್ಲಿ ಕಾಯಂ ಕೆಲಸ, ಮನೆ ಮುಂದೆ ಕಾರು, ಮಗುವಿಗೆ ದಿನಕ್ಕೆ ನಾಲ್ಕು ಲೋಟ ಹಾಲು, ಊಟದ ಹೊತ್ತಿಗೆ ಚಿಪ್ಸು. ಅಲ್ಲಿಯೂ ಕಬ್ಬಿಣ ಇಲ್ಲ.

ಈ ಹಾದಿಯಲ್ಲಿ ಮೊದಲು ನಡೆದವರಲ್ಲಿ ಒಬ್ಬರು ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ. 1928ರಲ್ಲಿ ಮುಂಬಯಿಗೆ ಬಂದು, ಅಲ್ಲಿಯ ಬಟ್ಟೆ ಗಿರಣಿಗಳ ಬಸುರಿ ಹೆಂಗಸರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದದ್ದರ ಕಾರಣ ಹುಡುಕಿದರು. ಆಮೇಲೆ ನಮ್ಮ ನೀಲಗಿರಿಯ ಕೂನೂರಿನಲ್ಲೂ ಕೆಲಸ ಮಾಡಿದರು. ರೋಗಾಣು ಹುಡುಕಿದವರಿಗೆ ಸಿಕ್ಕಿದ್ದು ಆ ಹೆಂಗಸರ ಊಟದ ತಟ್ಟೆ. ಬ್ರೆಡ್ಡಿಗೆ ಹಚ್ಚಿಕೊಳ್ಳುವ ಅಗ್ಗದ ಯೀಸ್ಟಿನ ಸಾರ ತಿನ್ನಿಸಿದಾಗ ಅವರು ಚೇತರಿಸಿಕೊಂಡರು. ಅದರಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಸಿಡ್ ಎಂದು ಹೆಸರಾಯಿತು, ಇವತ್ತು ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇರುವುದು. ಗಿರಣಿ ಹೋಗಿ ಪಾಲಿಹೌಸ್ ಬಂದಿದೆ. ತಟ್ಟೆ?

ತಟ್ಟೆಯ ಮಾತು ಬಂದಾಗ ನಮ್ಮವರು ತಕ್ಷಣ ಹೇಳುವುದು, ರಾಗಿ ತಿನ್ನುವ ನಮಗೆ ಎಲ್ಲಿಯ ರಕ್ತಹೀನತೆ? ರಾಗಿ ಬಹಳ ಒಳ್ಳೆಯದೇ, ಸುಣ್ಣದ ಅಂಶದಲ್ಲಿ ಅದನ್ನು ಮೀರಿಸುವ ಧಾನ್ಯವಿಲ್ಲ. ಕಬ್ಬಿಣವೂ ನೂರು ಗ್ರಾಮಿಗೆ ನಾಲ್ಕೈದು ಮಿಲಿಗ್ರಾಂ ಇದೆ. ಆದರೆ ಅದರಲ್ಲಿರುವ ಫೈಟೇಟು, ಟ್ಯಾನಿನ್ನು ಆ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಬಿಡುವುದಿಲ್ಲ. ಮೊಳಕೆ ಕಟ್ಟಿದರೆ ಹಿಡಿತ ಸಡಿಲವಾಗುತ್ತದೆ. ನಮ್ಮ ಅಜ್ಜಿಯರು ಎಳೆ ಮಗುವಿಗೆ ರಾಗಿಸರಿ ಮಾಡುವಾಗ ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದರು. ಯಾರೂ ಅವರಿಗೆ ರಸಾಯನಶಾಸ್ತ್ರ ಕಲಿಸಿರಲಿಲ್ಲ. ಆದರೆ ಅದಕ್ಕೆ ಮೂರು ದಿನ ಬೇಕು, ಮನೆಯಲ್ಲಿ ಒಂದು ಜೊತೆ ಬಿಡುವಾದ ಕೈ ಬೇಕು. ಏಳು ಗಂಟೆಯ ಟೆಂಪೋ ಹತ್ತುವ ತಾಯಿಗೆ ಅದು ಎಲ್ಲಿಂದ ಬರಬೇಕು?

ಟೀ ಬಗ್ಗೆಯೂ ಹೇಳಿಬಿಡುತ್ತೇನೆ. ಕಾಲೇಜಿನ ಲ್ಯಾಬಿನಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಟೀ ಡಿಕಾಕ್ಷನ್ ಎರಡು ಹನಿ ಹಾಕಿದರೆ ಶಾಯಿಯಂತೆ ಕಪ್ಪಾಗುತ್ತಿತ್ತು. ಟೀಯ ಟ್ಯಾನಿನ್ನು ಕಬ್ಬಿಣವನ್ನು ಕಟ್ಟಿಹಾಕುವ ರೀತಿ ಅದು. ಊಟದ ಜೊತೆ, ಮಾತ್ರೆಯ ಜೊತೆ ಟೀ ಕುಡಿದರೆ ಹೊಟ್ಟೆಯಲ್ಲೂ ಹಾಗೆಯೇ ಆಗುತ್ತದೆ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಇದಕ್ಕೆ ಉಲ್ಟಾ, ಕಬ್ಬಿಣ ಮೈಗೆ ಹಿಡಿಯಲು ಸಹಾಯ ಮಾಡುತ್ತವೆ. ಎರಡು ವರ್ಷದ ಮಗುವಿಗೆ ಟೀ ಬೇಡವೇ ಬೇಡ.

ಇನ್ನು ನಾವು ಕ್ರೈಸ್ತರು ಮಾಂಸ ತಿನ್ನುವವರು. ಭಾನುವಾರ ಪೂಜೆ ಮುಗಿಸಿ ಅರ್ಧ ಕಿಲೋ ತಂದೇ ತರುತ್ತೇವೆ. ಸೊಪ್ಪು ಕಾಳಿನ ಕಬ್ಬಿಣಕ್ಕಿಂತ ಮಾಂಸದ, ಈಲಿಯ ಕಬ್ಬಿಣ ಬಹಳ ಸುಲಭವಾಗಿ ಮೈಗೆ ಹಿಡಿಯುತ್ತದೆ. ಆ ಈಲಿ ತುಂಡು ಯಾರ ತಟ್ಟೆಗೆ ಹೋಗುತ್ತದೆ ಎಂದು ಮುಂದಿನ ಭಾನುವಾರ ಸುಮ್ಮನೆ ಗಮನಿಸಿ. ನಮ್ಮ ಮನೆಯಲ್ಲಿ ಅಪ್ಪನಿಗೆ, ಆಮೇಲೆ ತಮ್ಮನಿಗೆ. ಅಮ್ಮ ‘ನನಗೆ ಅದು ಸೇರಲ್ಲ’ ಎನ್ನುತ್ತಿದ್ದರು. ತವರುಮನೆಗೆ ಹೋದಾಗ ಅಜ್ಜಿ ಬಡಿಸಿದರೆ ಚೆನ್ನಾಗಿಯೇ ಸೇರುತ್ತಿತ್ತು!

ತಪಸ್ಸುಕಾಲದಲ್ಲಿ ನಲವತ್ತು ದಿನವೂ ಮಾಂಸ ಮೊಟ್ಟೆ ಬಿಡುವ, ವೇಳಾಂಕಣ್ಣಿಗೆ ಕಾವಿ ಉಟ್ಟು ಹರಕೆ ಹೊರುವ ಪದ್ಧತಿ ನಮ್ಮಲ್ಲಿದೆ. ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬಸುರಿಯರು, ಬಾಣಂತಿಯರು ಉಪವಾಸ ಮಾಡಬೇಕೆಂದು ಧರ್ಮಸಭೆ ಎಲ್ಲಿಯೂ ಕೇಳಿಲ್ಲ. ಅವರಿಗೆ ವಿನಾಯಿತಿ ಇದೆ. ಸಂದೇಹವಿದ್ದರೆ ಗುರುಗಳನ್ನೇ ಕೇಳಿ. ‘ನಾವೆಲ್ಲ ಮಾಡಲಿಲ್ಲವಾ’ ಎನ್ನುವ ಅತ್ತೆಯಂದಿರಿಗೆ ಗುರುಗಳ ಬಾಯಿಂದ ಬಂದ ಮಾತೇ ಬೇಕು, ನನ್ನದು ನಡೆಯುವುದಿಲ್ಲ.

ಈಗ ಗಡಿಯ ತೊಂದರೆ. ಇದು ಬೇರೆ ಊರಿನವರಿಗೆ ಅರ್ಥವಾಗದ, ನಮಗೆ ಮಾತ್ರ ಗೊತ್ತಿರುವ ತೊಂದರೆ. ಆ ತಾಯಿಯ ಆಧಾರ್ ತವರಿನ ವಿಳಾಸದ್ದು. ರೇಷನ್ ಕಾರ್ಡಿನಲ್ಲಿ ಹೆಸರು ಇನ್ನೂ ಅಲ್ಲಿಯೇ. ಬಸುರಾದಾಗ ಇಲ್ಲಿ ಪಿಕ್ಮೆ ನಂಬರು ಸಿಗುವಷ್ಟರಲ್ಲಿ ಐದು ತಿಂಗಳು. ಏಳನೇ ತಿಂಗಳಿಗೆ ಪದ್ಧತಿಯಂತೆ ಚೊಚ್ಚಲ ಹೆರಿಗೆಗೆ ತವರಿಗೆ ಹೋದಳು. ಅಲ್ಲಿ ಹೊಸದಾಗಿ ತಾಯಿ ಕಾರ್ಡು. ಇಲ್ಲಿಯವರು ಅಲ್ಲಿ ಮಾತ್ರೆ ಕೊಡುತ್ತಾರೆ ಎಂದುಕೊಂಡರು, ಅಲ್ಲಿಯವರು ಇಲ್ಲಿ ಕೊಟ್ಟಿರಬಹುದು ಎಂದುಕೊಂಡರು. ಬಸುರಿನ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕಾದ ಮಾತ್ರೆ. ಆಕೆ ನುಂಗಿದ್ದು ಎರಡು ಹಾಳೆಯೂ ಇರಲಿಕ್ಕಿಲ್ಲ. ವಾಂತಿ ಬರುತ್ತಿತ್ತು, ಜೊತೆಗೆ ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎಂದು ಯಾರೋ ಹೇಳಿದ್ದರು. (ಮಲ ಕಪ್ಪಾಗುತ್ತದೆ, ಮಗು ಆಗುವುದಿಲ್ಲ. ಮಗು ಕಪ್ಪಾದರೆ ಏನಾಯಿತು ಎಂಬುದು ಬೇರೆ ಪ್ರಶ್ನೆ.)

ತಮಿಳುನಾಡಿನ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ಸಹಾಯ ಯೋಜನೆಯಲ್ಲಿ ಬಡ ಬಸುರಿಯರಿಗೆ ಎರಡು ಪೌಷ್ಟಿಕ ಆಹಾರದ ಕಿಟ್ ಸೇರಿ ಒಟ್ಟು 18,000 ರೂಪಾಯಿ ಸಿಗುತ್ತದೆ. ಒಳ್ಳೆಯ ಯೋಜನೆ. ಆದರೆ ಮೊದಲ ಹನ್ನೆರಡು ವಾರದೊಳಗೆ ನೋಂದಾಯಿಸಬೇಕು, ತಾಯಿಗೆ 19 ತುಂಬಿರಬೇಕು. ಎಳೆ ವಯಸ್ಸಿನ ಮದುವೆಯನ್ನು ತಡೆಯಲು ಇಟ್ಟ ನಿಯಮ ಅದು, ಉದ್ದೇಶ ಸರಿಯೇ. ಫಲಿತಾಂಶ ಮಾತ್ರ ತಿರುಗುಮುರುಗು. ಎಲ್ಲರಿಗಿಂತ ಚಿಕ್ಕ ತಾಯಿಗೆ, ಎಲ್ಲರಿಗಿಂತ ಹೆಚ್ಚು ಅಗತ್ಯ ಇರುವವಳಿಗೆ, ಕಿಟ್ ಇಲ್ಲ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ, ಮೊಟ್ಟೆ ಇದೆ. ತವರಿನಲ್ಲಿದ್ದ ಅಷ್ಟು ದಿನವಾದರೂ ಹೋಗಬಹುದಿತ್ತು. ಬಾಣಂತಿ ಹೊರಗೆ ಕಾಲಿಡಬಾರದು, ಹಾಗಾಗಿ ಹೋಗಲಿಲ್ಲ.

ವಯಸ್ಸಿನ ವಿಷಯದಲ್ಲಿ ನಮ್ಮ ಜಿಲ್ಲೆ ತಲೆ ತಗ್ಗಿಸಬೇಕು. 2025ರ ಮಾರ್ಚಿನಲ್ಲಿ ಅಂಚೆಟ್ಟಿ ಬೆಟ್ಟದ ಕಡೆಯ ಹದಿನಾಲ್ಕು ವರ್ಷದ ಹುಡುಗಿಯನ್ನು, ಮದುವೆ ಬೇಡವೆಂದು ಅಳುತ್ತಿದ್ದರೂ, ಹೆಗಲ ಮೇಲೆ ಹೊತ್ತೊಯ್ದ ವಿಡಿಯೋವನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದೆವು. ನಮ್ಮ ದೇವಾಲಯಗಳಲ್ಲಿ ಹಾಗೆ ನಡೆಯುವುದಿಲ್ಲ, ಸರ್ಟಿಫಿಕೇಟ್ ನೋಡದೆ ಘೋಷಣೆ ಓದುವುದಿಲ್ಲ. ಆದರೆ ಹದಿನಾರಕ್ಕೆ ಮಾತುಕತೆ, ಹದಿನೇಳಕ್ಕೆ ಓದು ಬಿಡಿಸುವುದು, ಹದಿನೆಂಟು ತುಂಬಿದ ಮರುತಿಂಗಳು ಮದುವೆ, ಇದು ನಡೆಯುತ್ತದೆ. ಶಾಲೆಯಲ್ಲಿದ್ದಿದ್ದರೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆಯಾದರೂ ಸಿಗುತ್ತಿತ್ತು. ಓದು ಬಿಟ್ಟ ದಿನ ಅದೂ ನಿಲ್ಲುತ್ತದೆ. ರಕ್ತ ಕಡಿಮೆಯಿರುವ ಹುಡುಗಿ ಹತ್ತೊಂಬತ್ತಕ್ಕೆ ತಾಯಿಯಾಗುತ್ತಾಳೆ, ತನ್ನಲ್ಲಿ ಇಲ್ಲದ್ದನ್ನು ಮಗುವಿಗೆ ಗಂಟು ಕಟ್ಟಿ ಕೊಡಬೇಕು.

ಇದರಿಂದ ಏನಾಗುತ್ತದೆ, ಮಗು ಸ್ವಲ್ಪ ಬಿಳಿಚಿಕೊಂಡಿರುತ್ತದೆ ಅಷ್ಟೇ ಅಲ್ಲವೇ ಎಂದು ಗುಂಪಿನ ಒಬ್ಬ ಹುಡುಗ ಕೇಳಿದ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ ಬೆಟ್ಸಿ ಲೋಜಾಫ್ ಎಂಬ ವೈದ್ಯೆ ಮತ್ತು ಅವರ ಜೊತೆಯವರು ಮಕ್ಕಳನ್ನು ಒಂದೆರಡು ವರ್ಷದ ಕೂಸಾಗಿದ್ದಾಗಿಂದ 19 ವರ್ಷದವರೆಗೆ ಗಮನಿಸುತ್ತಾ ಬಂದರು. ಕೂಸಿನಲ್ಲಿ ಬಹಳ ಕಾಲ ಕಬ್ಬಿಣದ ಕೊರತೆ ಇದ್ದವರು, ಚಿಕಿತ್ಸೆ ಸಿಕ್ಕಿದ ಮೇಲೂ, ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆಯೇ ಉಳಿದರು. ಮಧ್ಯಮ ವರ್ಗದ ಮನೆಗಳಲ್ಲಿ ಆ ಅಂತರ ಎಂಟೊಂಬತ್ತು ಅಂಕದಲ್ಲೇ ನಿಂತಿತು. ಬಡ ಮನೆಗಳಲ್ಲಿ ಮಾತ್ರ ಹತ್ತು ಅಂಕದಿಂದ ಶುರುವಾದದ್ದು 19ನೇ ವಯಸ್ಸಿಗೆ ಇಪ್ಪತ್ತೈದಕ್ಕೆ ಅಗಲವಾಯಿತು. ರಕ್ತ ಒಂದೇ ಬಗೆಯಲ್ಲಿ ಕಡಿಮೆ, ಆದರೆ ಮನೆ ಬೇರೆ. ನಮ್ಮ ಧರ್ಮೋಪದೇಶ ತರಗತಿಯಲ್ಲಿ ‘ಮಂದ’ ಎಂದು ನಾವು ಹಿಂದಿನ ಸಾಲಿಗೆ ಕೂರಿಸುವ ಮಕ್ಕಳ ನೆನಪಾಗಿ ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಹಾಗಾದರೆ ಏನು ಮಾಡುವುದು? ಸರ್ಕಾರದ ಕಡೆಯಿಂದ ಇರುವುದು ಕಡಿಮೆಯೇನಲ್ಲ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಆರು ತಿಂಗಳಿಂದ ಐದು ವರ್ಷದ ಪ್ರತಿ ಮಗುವಿಗೂ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ಪು ಉಚಿತ. ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಆಗಸ್ಟಿನಲ್ಲಿ, ಹುಳುವಿನ ಮಾತ್ರೆ. ಅಂಗನವಾಡಿಯಲ್ಲಿ ಎರಡು ವರ್ಷ ದಾಟಿದವರಿಗೆ ಊಟ, ಮೊಟ್ಟೆ, ಅದಕ್ಕಿಂತ ಚಿಕ್ಕವರಿಗೆ ಮನೆಗೇ ಸತ್ತುಮಾವು. ಆದರೆ ಹಳ್ಳಿಯ ನರ್ಸಮ್ಮ ಬೀದಿಗೆ ಬರುವುದು ಬೆಳಿಗ್ಗೆ ಹನ್ನೊಂದಕ್ಕೆ, ತಾಯಿ ಆಗ ಗುಲಾಬಿ ಕತ್ತರಿಸುತ್ತಿರುತ್ತಾಳೆ. ಬಾಟಲಿ ಅತ್ತೆಯ ಕೈಗೆ ಬರುತ್ತದೆ, ಏನು ಎತ್ತ ತಿಳಿಯದೆ ಶೆಲ್ಫಿನಲ್ಲಿ ಮಾತೆ ಮರಿಯಳ ಸ್ವರೂಪದ ಹಿಂದೆ ಕೂರುತ್ತದೆ. ಸತ್ತುಮಾವು ಇಡೀ ಮನೆಗೆ ಉಂಡೆಯಾಗುತ್ತದೆ.

ನಾವು ಮಾಡಿದ್ದು ದೊಡ್ಡದೇನಲ್ಲ. ಆ ಮನೆಗೆ ಹೋಗಿ ಅತ್ತೆಯ ಜೊತೆ ಕೂತು ಮಾತಾಡಿದೆವು. ತಾಯಿಗೆ ಬುದ್ಧಿ ಹೇಳಲು ಎಲ್ಲರೂ ಇದ್ದರು, ಅತ್ತೆಯನ್ನು ಯಾರೂ ಏನೂ ಕೇಳಿರಲಿಲ್ಲ. ‘ನೀವೇ ಅಲ್ವಾ ಅಜ್ಜಿ ಮಗೂನ ಸಾಕ್ತಿರೋದು’ ಎಂದಾಗ ಅವರ ಮುಖ ಬೇರೆಯೇ ಆಯಿತು. ಆ ಮಗುವಿಗೆ ಡಾಕ್ಟರು ಬರೆದದ್ದು ದಿನವೂ ಕೊಡಬೇಕಾದ ಡೋಸು, ಅದನ್ನು ಅವರೇ ವಹಿಸಿಕೊಂಡರು. ಬೇರೆ ಮನೆಗಳಿಗೆ, ವಾರಕ್ಕೆರಡು ಸಲ ಎಂಬುದನ್ನು ನೆನಪಿಡಲು ಅವರೇ ದಾರಿ ಹೇಳಿಕೊಟ್ಟರು. ಮಂಗಳವಾರ, ಶುಕ್ರವಾರ. ಜಪಸರದಲ್ಲಿ ದುಃಖದ ರಹಸ್ಯಗಳು ಬರುವ ದಿನ. ಜಪಸರ ಮುಗಿದ ತಕ್ಷಣ ಸಿರಪ್ಪು. ಈಗ ನಮ್ಮ ಕಿರು ಕ್ರೈಸ್ತ ಸಮುದಾಯದ ಕೆಲವು ಮನೆಗಳಲ್ಲಿ ಇದು ನಡೆಯುತ್ತಿದೆ. ಬಾಟಲಿ ಮಾತ್ರ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ. ಸಿಹಿಯೆಂದು ಪೂರ್ತಿ ಕುಡಿದರೆ ಕಬ್ಬಿಣ ವಿಷವಾಗುತ್ತದೆ.

ಮೊಳಕೆ ರಾಗಿಯ ಹಿಟ್ಟನ್ನು ತಿಂಗಳಿಗೊಮ್ಮೆ ಎಲ್ಲರಿಗೂ ಸೇರಿಸಿ ಒಂದೇ ಕಡೆ ಮಾಡೋಣ ಎಂದು ಮಹಿಳಾ ಸಂಘದ ಅಕ್ಕಂದಿರು ಶುರುಮಾಡಿದ್ದಾರೆ. ಬೀಸುವುದು, ಹೊರುವುದು ಹುಡುಗರ ಕೆಲಸ. ಮೊದಲ ಸಲ ಅರ್ಧ ರಾಗಿ ಬೂಸ್ಟು ಹಿಡಿದು ಹೋಯಿತು, ಮಳೆಗಾಲ. ಎರಡನೇ ಸಲ ಸರಿಯಾಯಿತು.

ಮಗುವಿನದು ಎರಡು ತಿಂಗಳಲ್ಲಿ 9.6ಕ್ಕೆ ಬಂದಿದೆ. ಇನ್ನೂ ಸಾಲದು. ಸುಣ್ಣ ತಿನ್ನುವುದು ಬಿಟ್ಟಿದೆ, ಈಗ ಚೆನ್ನಾಗಿ ಅಳುತ್ತದೆ, ಬೀದಿಗೆಲ್ಲ ಕೇಳುವಂತೆ. ತಾಯಿಯದು ಅಷ್ಟು ಏರಿಲ್ಲ. ಮಾತ್ರೆ ನುಂಗಿದ ದಿನ ಪಾಲಿಹೌಸಿನ ಸೆಕೆಯಲ್ಲಿ ವಾಂತಿ ಬರುತ್ತದೆ, ಅಲ್ಲಿ ಕೂರಲು ಜಾಗವಿಲ್ಲ, ಎಂದು ಎರಡು ವಾರ ಬಿಟ್ಟಿದ್ದಳು. ರಾತ್ರಿ ಊಟವಾದ ಮೇಲೆ ನುಂಗಲು ಸಿಸ್ಟರ್ ಹೇಳಿದ್ದಾರೆ. ರಾತ್ರಿ ಊಟ ಸರಿಯಾಗಿ ಸಿಗಬೇಕಲ್ಲ, ಆ ಮಾತನ್ನು ಆಕೆಯ ಗಂಡನಿಗೆ ನಮ್ಮ ಗುಂಪಿನ ಹುಡುಗರು ಹೇಳಿದರು. ಮೊದಲು ಸಿಟ್ಟಾದ, ಆಮೇಲೆ ಏನೂ ಹೇಳಲಿಲ್ಲ. ಈಗ ಮೂವರೂ ಒಟ್ಟಿಗೆ ಕೂತು ಉಣ್ಣುತ್ತಾರಂತೆ, ಅತ್ತೆ ಬಡಿಸುತ್ತಾರೆ. ವಾರದಲ್ಲಿ ಎಷ್ಟು ದಿನ ಎಂದು ನಾನು ಕೇಳಲಿಲ್ಲ.

ಒಂದು ಎಚ್ಚರಿಕೆಯ ಮಾತು. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ. ಸೋದರಮಾವನ ಮಗ, ಅತ್ತೆಯ ಮಗಳು ಎಂದು ರಕ್ತಸಂಬಂಧದಲ್ಲೇ ಮದುವೆ ಹೆಚ್ಚಿರುವ ನಮ್ಮ ಕಡೆ ಥಲಸೇಮಿಯಾದಂಥ ವಂಶವಾಹಿ ಕಾರಣವೂ ಇರಬಹುದು. ಎರಡು ತಿಂಗಳು ಸರಿಯಾಗಿ ಸಿರಪ್ಪು ಕೊಟ್ಟರೂ ಅಂಕ ಏರದಿದ್ದರೆ ಬಾಟಲಿ ಬದಲಿಸುತ್ತಾ ಕೂರಬೇಡಿ, ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ವಿವಾಹ ಸಿದ್ಧತೆಯ ತರಬೇತಿಯಲ್ಲಿ ಹುಡುಗ ಹುಡುಗಿ ಇಬ್ಬರಿಗೂ ರಕ್ತ ಪರೀಕ್ಷೆ ಸೇರಿಸಬೇಕೆಂದು ಗುರುಗಳಿಗೆ ಅರ್ಜಿ ಕೊಟ್ಟಿದ್ದೇವೆ. ಪಾಲನಾ ಮಂಡಳಿಯಲ್ಲಿ ಇದಕ್ಕೆ ವಿರೋಧವಿದೆ, ಸಂಬಂಧ ಮುರಿಯುತ್ತವೆ ಎಂಬ ಭಯ. ಮಾತುಕತೆ ನಡೆಯುತ್ತಿದೆ.

ಹಳ್ಳಿಯ ನರ್ಸಮ್ಮ ಸದ್ಯಕ್ಕೆ ಒಂದು ಭಾನುವಾರ ನಮ್ಮಲ್ಲಿಗೆ ಬರಲು ಒಪ್ಪಿದ್ದಾರೆ, ಬರುವ ತಿಂಗಳ ಮೊದಲ ಭಾನುವಾರ, ಎರಡನೇ ಪೂಜೆಯ ನಂತರ, ಶಾಲೆಯ ಹಾಲಿನಲ್ಲಿ. ಅವರಿಗೆ ಅದು ರಜೆಯ ದಿನ, ಆದ್ದರಿಂದ ಊಟ ನಮ್ಮ ಕಡೆಯಿಂದ. ಐದು ವರ್ಷದೊಳಗಿನ ಮಕ್ಕಳನ್ನು ಕರೆತನ್ನಿ, ಪರೀಕ್ಷೆ ತಾಯಂದಿರಿಗೂ ಇದೆ. ಆಧಾರ್, ಪಿಕ್ಮೆ ನಂಬರು, ತಾಯಿ ಕಾರ್ಡು, ಎರಡು ರಾಜ್ಯದ್ದೂ ಇದ್ದರೆ ಎರಡನ್ನೂ ತನ್ನಿ. ಫಾರಂ ತುಂಬಲು ತಮಿಳು ಬರೆಯಲು ಬರುವ ನಾಲ್ಕು ಜನ ಯುವಕ ಯುವತಿಯರು ಬೇಕು, ಶನಿವಾರದೊಳಗೆ ನನಗೆ ಹೆಸರು ಕೊಡಿ. ಅತ್ತೆಯಂದಿರು ಖಂಡಿತ ಬನ್ನಿ, ಮುಂದಿನ ಸಾಲಿನ ಕುರ್ಚಿ ನಿಮಗೇ. ಕ್ಯೂನಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲುವ ಕೆಲಸ ಗಂಡಂದಿರದು.